ಜೀಪಿನ ನಡುಕ

ನಿಮ್ಮ ಎಂಎಂ 540 ಮೂಡಿಗೆರೆ ರಸ್ತೇಲಿ ಮತ್ತೆ ನಡುಗ್ತಂತೆ, ಹೌದಾ ಮಾರಾಯ್ರೆ? ಗುಂಡಿ ಹಾರಿದ್ದೇ ಶುರು, ಸ್ಟೇರಿಂಗು ಕೈಯಲ್ಲಿ ನಿಲ್ಲಲ್ಲ, ಪೂರ್ತಿ ಸ್ಲೋ ಮಾಡೋ ತನಕ ಬಿಡಲ್ಲ. ಪಕ್ಕದಲ್ಲಿ ಕೂತವರಿಗೆ ಮನೆದೇವರೇ ಗತಿ! ಅದಕ್ಕೀಗ ಸ್ಟೆಬಿಲೈಸರ್ ಹಾಕಿಸ್ತೀರಂತೆ.

ಅದೇನು ಮಹಾ? ಅಡ್ಡ ಮಲಗಿಸಿದ ಶಾಕ್ ಅಬ್ಸಾರ್ಬರ್, ಡ್ಯಾಂಪರ್ ಅಂತಲೂ ಹೇಳ್ತಾರೆ. ಒಂದು ತುದಿ ಟೈ ರಾಡಿಗೆ, ಇನ್ನೊಂದು ಆಕ್ಸಲ್ಲಿಗೋ ಚಾಸಿಗೋ. ಚಕ್ರ ಕಲ್ಲಿಗೆ ಬಡಿದಾಗ ಸ್ಟೇರಿಂಗ್ ಒದೆಯೋದನ್ನ ಒಳಗಿನ ಎಣ್ಣೆ ತಡೆಯುತ್ತೆ. ಆದ್ರೆ ಚಕ್ರ ಎಡಬಲ ತಿರುಗೋಕೆ ಆಧಾರವಾದ ಕಿಂಗ್ ಪಿನ್ನು ಸವೆದಿದ್ರೆ ಅದನ್ನ ಡ್ಯಾಂಪರ್ ಹೇಗೆ ಸರಿ ಮಾಡೀತು?

"ಅಮೆರಿಕದ ಜೀಪ್ ರ‍್ಯಾಂಗ್ಲರಿಗೆ ಇದೇ ನಡುಕಕ್ಕೆ ಕಂಪನಿಯವರೇ ಡ್ಯಾಂಪರ್ ಬದಲಾಯಿಸಿ ಕೊಟ್ರಲ್ಲ?"

ಕೊಟ್ರು, 2019ರಲ್ಲಿ. ಅವು ಶೋರೂಮಿಂದ ಬಂದ ಹೊಸ ಗಾಡಿಗಳು. ನಿಮ್ಮದು ಅಪ್ಪನ ಕಾಲದಿಂದ ಕಾಫಿ ಮೂಟೆ ಹೊತ್ತ ಗಾಡಿ!

ಮೊದಲು ರಿಮ್ಮಿನ ಒಳಗೆ ನೀರು ಹೊಡೀರಿ. ಮಳೆಗಾಲದ ಕೆಸರು ಅಲ್ಲೇ ಒಣಗಿ ಕೂತ್ರೆ ಚಕ್ರದ ಬ್ಯಾಲೆನ್ಸ್ ಹೋಗುತ್ತೆ. ಆಮೇಲೆ ಹುಡುಗನ್ನ ಸ್ಟೇರಿಂಗಲ್ಲಿ ಕೂರಿಸಿ ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ತಿರುಗಿಸೋಕೆ ಹೇಳಿ, ನೀವು ಅಡಿಗೆ ಬಗ್ಗಿ ಟೈ ರಾಡ್ ಎಂಡು, ಡ್ರ್ಯಾಗ್ ಲಿಂಕು ನೋಡಿ. ಪ್ಲೇ ಇದ್ರೆ ಕಣ್ಣಿಗೇ ಕಾಣುತ್ತೆ. ಇನ್ನೊಂದು, ಜಾಕ್ ಕೊಟ್ಟು ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲ್ಲಾಡ್ತಾ? ಹುಡುಗನಿಗೆ ಬ್ರೇಕ್ ಒತ್ತೋಕೆ ಹೇಳಿ. ಆಗ ನಿಂತ್ರೆ ಚಕ್ರದ ಬೇರಿಂಗು, ನಿಲ್ಲದಿದ್ರೆ ಕಿಂಗ್ ಪಿನ್ನು. ಇಷ್ಟು ನೋಡದೆ ನೇರ ಡ್ಯಾಂಪರ್ ಬರೆದುಕೊಡೋ ಮೆಕ್ಯಾನಿಕ್ಕಿನ ಮೇಲೆ ನನಗೆ ನಂಬಿಕೆ ಇಲ್ಲ.

ನೀವು ಹಾಕಿಸಿದ ಆ ದಪ್ಪ ಟೈರಿನ ವಿಷಯ ಎತ್ತಿದ್ರೆ ನಿಮಗೆ ಸಿಟ್ಟು ಬರುತ್ತೆ. ಆದ್ರೂ ಹೇಳ್ತೀನಿ. ಕಿಂಗ್ ಪಿನ್ನಿನ ತಲೆ ಒಂಚೂರು ಹಿಂದಕ್ಕೆ ವಾಲಿರೋದ್ರಿಂದಲೇ ಚಕ್ರ ತಾನಾಗಿ ನೇರಕ್ಕೆ ಬರೋದು, ಅದೇ ಕ್ಯಾಸ್ಟರ್. ಟೈರಿಗೆ ಜಾಗ ಬೇಕು ಅಂತ ಗಾಡಿ ಎತ್ತಿಸಿದ್ರಲ್ಲ, ಆಗ ಕ್ಯಾಸ್ಟರ್ ಕಮ್ಮಿಯಾಗಿದ್ರೆ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಓರೆ ಶಿಮ್ ಕೊಡಬೇಕಾಗುತ್ತೆ.

ಇಷ್ಟಾದ ಮೇಲೂ ಸ್ಟೆಬಿಲೈಸರ್ ಬೇಕಾದ್ರೆ ಧಾರಾಳವಾಗಿ ಹಾಕಿಸಿ, ಕಲ್ಲು ದಾರೀಲಿ ತೋಳಿಗೆ ಸುಖವೇ. ಗ್ಯಾಸ್ ತುಂಬಿದ್ದು ಬೇಡ, ಒಂಟಿಯಾಗಿ ಹಾಕಿದ್ರೆ ಸ್ಟೇರಿಂಗನ್ನ ಒಂದು ಪಕ್ಕಕ್ಕೆ ತಳ್ಳುತ್ತೆ. ಬೋಲ್ಟು ಬಿಗಿಯೋ ಮೊದಲು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಚಕ್ರ ಲಾಕ್ ಆಗೋ ಮುಂಚೆ ಡ್ಯಾಂಪರಿನ ರಾಡು ಮುಗಿದ್ರೆ ಹೇರ್‌ಪಿನ್ ತಿರುವಲ್ಲಿ ಗಾಡಿ ತಿರುಗೋದೇ ಇಲ್ಲ.