ಗ್ರಾಫಿಕ್ಸ್ ಕಾರ್ಡ್ ಮೀಮಾಂಸೆ: ಚಿಗಳ್ಳಿಯ ಪಾಠಾಂತರ

ಶಾಸ್ತ್ರಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ನಿರೂಪಿಸದೆ ಮುಂದಡಿಯಿಡುವುದು ಶಿಷ್ಟಸಂಪ್ರದಾಯವಲ್ಲವಾದುದರಿಂದ, ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಲ್ಲಿ ಕುಳಿತು ಗಣಕಯಂತ್ರದ ಆಟಗಳಿಗೆ ತಕ್ಕ ಗ್ರಾಫಿಕ್ಸ್ ಕಾರ್ಡನ್ನು ಆರಿಸುವ ಈ ಗಹನವಿಚಾರದಲ್ಲಿಯೂ ಆ ಕ್ರಮವನ್ನೇ ಅನುಸರಿಸತಕ್ಕದ್ದು. ವಿಷಯವು ಕಾರ್ಡು. ಪ್ರಯೋಜನವು ಪರದೆಯ ಮೇಲಣ ಶತ್ರುಸಂಹಾರ. ಸಂಬಂಧವು ಕಾರ್ಡಿಗೂ ಮನೆಯ ಮೀಟರಿಗೂ ಇರತಕ್ಕದ್ದು. ಅದು ಮುಂದೆ ಸ್ಪಷ್ಟವಾಗುವುದು. ಅಧಿಕಾರಿಯು ಹುಬ್ಬಳ್ಳಿಯ ಕಾಲೇಜಿನಿಂದ ರಜೆಗೆ ಬಂದ ಮಗನೇ ಆದರೂ, ರೊಕ್ಕದ ಅಧಿಕಾರವು ತಂದೆಯಲ್ಲಿ ನೆಲಸಿರುವುದರಿಂದ, “ಅಪ್ಪಾ, ಇದು ಕಾಲೇಜಿನ ಪ್ರಾಜೆಕ್ಟಿಗೆ ಬೇಕಾಗೇತಿ” ಎಂಬ ವಾಕ್ಯವನ್ನು ಮಂಗಳಾಚರಣೆಯಾಗಿ ಪಠಿಸುವ ರೂಢಿಯುಂಟು. “ಗೋವಿನಜೋಳದ ರೊಕ್ಕ ಬರ್ಲಿ, ನೋಡೂಣು” ಎಂಬುದು ಅದಕ್ಕೆ ನಿಯತವಾದ ಪ್ರತ್ಯುತ್ತರ.

1999ರಲ್ಲಿ ಎನ್‌ವಿಡಿಯಾ ಸಂಸ್ಥೆಯು ಜೀಫೋರ್ಸ್ 256 ಎಂಬುದನ್ನು ಹೊರತಂದು, ಇದೇ ಜಗತ್ತಿನ ಮೊದಲ ಜಿಪಿಯು ಎಂದು ಸಾರಿದ ಕಾಲದಿಂದ ಈ ಶಾಸ್ತ್ರದಲ್ಲಿ ಅಂಕಿಗಳ ಮಹಿಮೆ ಅಪಾರವಾಗಿದೆ. ಅಂಕಿ ದೊಡ್ಡದಾದಷ್ಟೂ ಕಾರ್ಡು ದೊಡ್ಡದೆಂಬುದು ಪೂರ್ವಪಕ್ಷ. ಆದರೆ 2021ರ ಆರ್‌ಟಿಎಕ್ಸ್ 3060 ಎಂಬ ಅಗ್ರಜನಿಗೆ 12 ಜಿಬಿ ಸ್ಮೃತಿಯಿದ್ದು, 2023ರ 4060 ಎಂಬ ಅನುಜನಿಗೆ 8 ಜಿಬಿ ಮಾತ್ರವೇ ದತ್ತವಾಗಿರುವುದನ್ನು ಕಂಡಾಗ ಈ ಪಕ್ಷವು ಕುಸಿಯುತ್ತದೆ. ಓಟದಲ್ಲಿ ಅನುಜನೇ ಮುಂದೆ, ನಿಜ. ಆದರೂ ಭಾರಿ ಚಿತ್ರಗಳುಳ್ಳ ಹೊಸ ಆಟಗಳಲ್ಲಿ ಸ್ಮೃತಿ ತುಂಬಿದೊಡನೆ, ಓಡುತ್ತಿದ್ದ ವೀರನು ಬಾಗಿಲಲ್ಲೇ ಒಂದು ಕಾಲೆತ್ತಿ ಸ್ತಂಭೀಭೂತನಾಗುವುದುಂಟು. ಇನ್ನು ಟಿಐ, ಸೂಪರ್ ಮುಂತಾದ ಪ್ರತ್ಯಯಗಳು ಅರ್ಥದಲ್ಲಿ ಏನು ಮಾಡುವುವೋ ವಿವಾದಾಸ್ಪದ. ಬೆಲೆಯಲ್ಲಂತೂ ವೃದ್ಧಿಸಂಧಿ ನಿಶ್ಚಿತ.

ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಬಲ್ಲ 60 ಹರ್ಟ್ಸ್‌ನ ಮಾನಿಟರಿನ ಮುಂದೆ ಸೆಕೆಂಡಿಗೆ 200 ಚಿತ್ರಗಳನ್ನು ರಚಿಸುವ ಕಾರ್ಡನ್ನು ಪ್ರತಿಷ್ಠಾಪಿಸುವವರ ವಿಷಯದಲ್ಲಿ ಶಾಸ್ತ್ರಕಾರರು ಮೌನ ವಹಿಸುವುದೇ ಲೇಸು.

ಈಗ ಮುಖ್ಯಪ್ರಕರಣ. ಎಣ್ಣೆಯಿಲ್ಲದೆ ದೀಪಗಳು ದಶಕಗಳ ಕಾಲ ಉರಿದುವೆಂಬ ಪ್ರತೀತಿಯಿಂದ ದೀಪನಾಥೇಶ್ವರನು ಹೆಸರಾದ ಈ ಊರಿಗೆ, ಎಣ್ಣೆಯನ್ನಲ್ಲದೆ ಬೇರೇನನ್ನೂ ಕೇಳದಿದ್ದ ಹಳೆಯ ಲಾಂದ್ರದ ಪೀಳಿಗೆಯನ್ನು ಬೆರಗಾಗಿಸುವಂತೆ, 2025ರ ಆರ್‌ಟಿಎಕ್ಸ್ 5090 ಎಂಬ ಮಹಾಕಾರ್ಡು ಬಂದು 575 ವಾಟ್ ಕೇಳುತ್ತದೆ. ತನ್ನನ್ನು ಪೋಷಿಸಲು 1000 ವಾಟಿನ ಎಸ್‌ಎಂಪಿಎಸ್ ಇರಬೇಕೆಂದು ವಿಧಿಸುತ್ತದೆ. ಪೂರ್ಣಬಲದಿಂದ ದಿನಕ್ಕೆ 4 ಗಂಟೆ ಆಡಿದರೆ ತಿಂಗಳಿಗೆ 69 ಯೂನಿಟ್. ಗೃಹಜ್ಯೋತಿ ಯೋಜನೆಯಾದರೋ 2022–23ರ ಸರಾಸರಿ ಬಳಕೆಗೆ ಶೇಕಡಾ 10ನ್ನು ಕೂಡಿಸಿ ಉಚಿತದ ಮಿತಿಯನ್ನು ಕಟ್ಟುವುದರಿಂದ, 60 ಯೂನಿಟ್ ಸರಾಸರಿಯ ಮನೆಗೆ ದಕ್ಕುವುದು 66. ಎಂದರೆ ಫ್ಯಾನು, ಮಿಕ್ಸಿ, ಟೀವಿಗಳೆಲ್ಲ ಸಂನ್ಯಾಸ ಸ್ವೀಕರಿಸಿದರೂ ಕಾರ್ಡಿಗೆ 3 ಯೂನಿಟ್ ಸಾಲದು. ಕಾಳೀನದಿಯನ್ನು ಸೂಪಾದಲ್ಲಿ ತಡೆದು ನಾಗಝರಿಯಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ನಾಡಿಗೆ ಹಂಚುವ ಜಿಲ್ಲೆ ಇದೆಂಬ ಅಭಿಮಾನವನ್ನು ಬಿಲ್ಲಿನಲ್ಲಿ ಕಳೆಯಲು ಬಾರದು. ಮೇಲಾಗಿ ಆಷಾಢದ ಗಾಳಿಗೆ ಸಾಗವಾನಿಯ ಕೊಂಬೆಯೊಂದು ತಂತಿಗೆ ತಗುಲಿತೆಂದರೆ, ಮೇಜಿನಡಿಯ 600 ವಿಎ ಯುಪಿಎಸ್ಸು ಇಂಥ ಕಾರ್ಡಿನ ಭಾರವನ್ನು ಹೊರಲಾರದೆ ಒಮ್ಮೆ ಕುಂಯ್ಗುಟ್ಟಿ, ಸೇನಾಧಿಪತಿಯನ್ನೂ ಸೇನೆಯನ್ನೂ ಏಕಕಾಲಕ್ಕೆ ಕತ್ತಲೆಗೆ ಒಪ್ಪಿಸುತ್ತದೆ.

ಆದುದರಿಂದ ಮೊದಲು ಮೀಟರು, ಬಳಿಕ ಎಸ್‌ಎಂಪಿಎಸ್, ಅನಂತರ ಮಾನಿಟರು, ಕಟ್ಟಕಡೆಗೆ ಕಾರ್ಡು ಎಂಬುದು ಚಿಗಳ್ಳಿಯ ಕ್ರಮ. ಈ ಕ್ರಮದಲ್ಲಿ ನಡೆದವನು 115 ವಾಟಿನ 4060ರ ಬಳಿಯೇ ಬಂದು ನಿಲ್ಲುತ್ತಾನೆ. ಇದಕ್ಕೊಂದು ಅಪವಾದವುಂಟು: 2022–23ರಲ್ಲಿ ತುಂಬಿದ ಸಂಸಾರವಿದ್ದು ದೊಡ್ಡ ಮಿತಿಯನ್ನು ಗಳಿಸಿಕೊಂಡು, ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಅದರಲ್ಲಿ ಅರ್ಧವನ್ನೂ ಖರ್ಚುಮಾಡಲಾರದ ಸೋದರಮಾವನೊಬ್ಬನು ಅದೇ ಓಣಿಯಲ್ಲಿದ್ದರೆ, ಮಹಾಕಾರ್ಡನ್ನು ಅವನ ಪಡಸಾಲೆಯಲ್ಲಿ ಸ್ಥಾಪಿಸಬಹುದು. “ನನಗೂ ಒಂದೀಟು ಆಡಾಕ ಕೊಡಬೇಕ್ ನೋಡಪಾ” ಎಂಬ ಮಾವನ ಷರತ್ತಿಗೆ ಪರಿಹಾರವನ್ನು ಶಾಸ್ತ್ರವು ಹೇಳಿಲ್ಲ.