ಬೈಕು ಮನೆಗೆ ಬಂತು, ಕಾಗದದಲ್ಲಿ ಇನ್ನೂ ಇರಾನಿನಲ್ಲಿದೆ

ಬೆಂಗಳೂರಿನಿಂದ ಲಂಡನ್‌ವರೆಗೆ ಬೈಕಿನಲ್ಲಿ ಹೋಗಿಬಂದ ಹನ್ನೆರಡು ಮಂದಿಗೆ ಮೈಸೂರು ಪೇಟ ತೊಡಿಸಿದ್ದಾಯಿತು, ಫ್ಲೆಕ್ಸು ಕಟ್ಟಿ ಬಿಚ್ಚಿದ್ದೂ ಆಯಿತು. ಆ ದಿನ ವೇದಿಕೆಗೆ ಯಾರೂ ಕರೆಯದ ಒಬ್ಬ ಸಹಪ್ರಯಾಣಿಕನನ್ನು ನಮ್ಮ ಪ್ರತಿನಿಧಿ ಹುಡುಕಿಕೊಂಡು ಹೋಗಿ ಮಾತನಾಡಿಸಿದ್ದಾರೆ. ಪೂರ್ತಿ ಹೆಸರು ಕಾರ್ನೆ ದ ಪಾಸಾಜ್ ಆನ್ ದುವಾನ್. ಎ-4 ಅಳತೆಯ, 25 ಹಾಳೆಗಳ ಪುಸ್ತಕ. ಪರದೇಶಕ್ಕೆ ಒಯ್ದ ಬೈಕನ್ನು ಅಲ್ಲಿ ಮಾರದೆ, ಸುಂಕ ತಪ್ಪಿಸದೆ ಹೊರಗೆ ತರುತ್ತೇವೆಂದು ಬರೆದುಕೊಟ್ಟ ಜಾಮೀನು. ಸದ್ಯದ ವಾಸ: ಒಂದು ಕಸ್ಟಮ್ಸ್ ಕಚೇರಿಯ ಫೈಲಿನೊಳಗೆ, ಬಿಳಿ ಟ್ಯಾಗಿಗೆ ಪೋಣಿಸಿಕೊಂಡು.

ಪ್ರ: ಕಾರ್ನೆಯವರೇ, ಪ್ರವಾಸ ಹೇಗಿತ್ತು?

ಕಾರ್ನೆ: ಕೇಳಿದಿರಲ್ಲ, ಅಷ್ಟೇ ಸಂತೋಷ. ಇಲ್ಲಿವರೆಗೆ ನನ್ನ ಕೈಹಿಡಿದವರೆಲ್ಲ ‘ಮುದ್ರೆ ಎಲ್ಲಿ’ ಅಂತ ಮಾತ್ರ ಕೇಳಿದ್ದಾರೆ. ಹಿಮಾಲಯ ನೋಡಿದೆ, ಪಾಮಿರ್ ನೋಡಿದೆ ಅಂದರೆ ಸುಳ್ಳಾಗುತ್ತೆ. ನಾನು ನೋಡಿದ್ದು ಪ್ಲಾಸ್ಟಿಕ್ ಚೀಲದ ಒಳಮೈ. ಜೊತೆಗೆ ಇನ್ನೂ ಹನ್ನೊಂದು ಕಾರ್ನೆಗಳು, ಹನ್ನೆರಡು ಆರ್‌ಸಿ, ಹನ್ನೆರಡು ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ಟು, ಒಂದು ಪೊಟ್ಟಣ ಕಡಲೆಕಾಯಿ ಚಟ್ನಿಪುಡಿ. ಈ ಚಟ್ನಿಪುಡಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಪ್ರ: ಅವರ ಜಾಕೆಟ್ಟಿನ ಬೆನ್ನಿಗೆ ‘ಗಡಿಯಿಲ್ಲದ ಸವಾರರು’ ಅಂತ ಬರೆಸಿದ್ದರು.

ಕಾರ್ನೆ: ಬರೆಸಿದ್ದರು. ನನ್ನ ಅರ್ಜಿ ತುಂಬಿದ ವಾರವೇ ಬರೆಸಿದ್ದರು. ನೋಡಿ ಸ್ವಾಮಿ, ಮನುಷ್ಯನಿಗೆ ಪಾಸ್‌ಪೋರ್ಟು, ವೀಸಾ ಇದ್ದರೆ ಒಂದು ಮಟ್ಟಿಗೆ ಆಯಿತು. ಬೈಕಿನ ಕಥೆ ಬೇರೆ. ಗಡಿ ದಾಟಿದ ಗಳಿಗೆಯಿಂದ ಅದು ಆಮದು ಸರಕು. ಕಸ್ಟಮ್ಸ್‌ನವರ ಕಣ್ಣಿಗೆ ನಿಮ್ಮ ಸಾಹಸಿ ಎಂದರೆ ಹಳೇ ಗಾಡಿ ಮಾರಲು ಬಂದ ಆಸಾಮಿ. ಹಾಗಲ್ಲ ಅಂತ ಯಾರಾದರೂ ದುಡ್ಡಿಟ್ಟು ಹೇಳಬೇಕಲ್ಲ, ಆ ಕೆಲಸ ನಮ್ಮದು. 1954ರಲ್ಲಿ ನ್ಯೂಯಾರ್ಕಿನಲ್ಲಿ ಆದ ಒಪ್ಪಂದ ನಮಗೆ ಆಧಾರ. ನಮ್ಮ ದೇಶದಲ್ಲಿ ನಮ್ಮನ್ನು ಕೊಡೋದು ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್. ಬೈಕಿನ ಬೆಲೆ ಎಷ್ಟು, ಹೋಗುವ ದೇಶ ಯಾವುದು ನೋಡಿ ಬ್ಯಾಂಕ್ ಗ್ಯಾರಂಟಿ ಕೇಳುತ್ತಾರೆ. ನನ್ನ ಸವಾರ ಹೆಂಡತಿ ಹೆಸರಿನ ಎಫ್‌ಡಿ ಒತ್ತೆ ಇಟ್ಟ. ಸಹಿ ಹಾಕುವಾಗ ಆ ತಾಯಿ ‘ಯಾವಾಗ ವಾಪಸು ಬರುತ್ತೆ?’ ಅಂದರು. ‘ಮೂರು ತಿಂಗಳಲ್ಲಿ ಬಂದುಬಿಡ್ತೀನಿ’ ಅಂದ. ಆಕೆ ಕೇಳಿದ್ದು ಎಫ್‌ಡಿ ವಿಷಯ.

ಪ್ರ: ನಿಮ್ಮ ಕೆಲಸದ ಕ್ರಮ ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಕಾರ್ನೆ: ಒಂದು ದೇಶಕ್ಕೆ ಒಂದು ಹಾಳೆ. ಹಾಳೆಯಲ್ಲಿ ಮೂರು ಪಟ್ಟಿ. ಒಳಗೆ ಹೋಗುವಾಗ ಕೆಳಗಿನ ಪಟ್ಟಿ ಹರಿದುಕೊಳ್ಳುತ್ತಾರೆ, ಹೊರಗೆ ಬರುವಾಗ ನಡುವಿನದು. ಮೇಲಿನದು ನನ್ನ ಹತ್ತಿರವೇ ಉಳಿಯುತ್ತೆ, ಅದರ ಮೇಲೆ ಎರಡು ಮುದ್ರೆ ಬೀಳಬೇಕು. ಬಂದದ್ದಕ್ಕೊಂದು, ಹೋದದ್ದಕ್ಕೊಂದು. ಎರಡನೆಯದು ಇಲ್ಲದಿದ್ದರೆ ಬೈಕು ಆ ದೇಶದಲ್ಲೇ ಉಳಿದಿದೆ ಅಂತ ಲೆಕ್ಕ. ಉಳಿದ ಮೇಲೆ ಸುಂಕ ಕಟ್ಟಬೇಕು, ಕಟ್ಟದಿದ್ದರೆ ಗ್ಯಾರಂಟಿಗೆ ಕೈ ಹಾಕುತ್ತಾರೆ.

ಪ್ರ: ಲಂಡನ್ ಇರುವುದು ಪಶ್ಚಿಮಕ್ಕೆ. ನೀವು ಟಿಬೆಟ್ ಹತ್ತಿ ಸುತ್ತಿದ್ದೇಕೆ?

ಕಾರ್ನೆ: ಅಟಾರಿ ಗೇಟಿನಿಂದ ಲಾಹೋರಿಗೆ ಹೆಚ್ಚೆಂದರೆ 30 ಕಿ.ಮೀ. ನಮ್ಮ ನಂಬರ್ ಪ್ಲೇಟಿಗೆ ಆ ದಾರಿ ಇಲ್ಲ. 1957ರಲ್ಲಿ ಲಂಡನ್‌ನಿಂದ ಕಲ್ಕತ್ತಾಕ್ಕೆ ಬಸ್ಸೇ ಬಂದಿತ್ತು, ಟಿಕೆಟ್ಟು 85 ಪೌಂಡು. ಇವತ್ತು ಬಸ್ಸು ಬಂದ ದಾರಿಯಲ್ಲಿ ಬೈಕು ಹೋಗೋ ಹಾಗಿಲ್ಲ. ಅದಕ್ಕೇ ನೇಪಾಳಕ್ಕೆ ಹೋಗಿ, ಕೇರುಂಗ್‌ನಲ್ಲಿ ಟಿಬೆಟ್ಟಿಗೆ ಹತ್ತಿ, ಕಾಶ್ಗರ್ ಮುಟ್ಟಿ, ಕಿರ್ಗಿಸ್ತಾನಕ್ಕೆ ಇಳಿದು, ಉಜ್ಬೇಕಿಸ್ತಾನ, ತುರ್ಕ್‌ಮೆನಿಸ್ತಾನ ದಾಟಿ ಇರಾನ್ ಸೇರಿದ್ದು. ಯೂಟ್ಯೂಬಿನಲ್ಲಿ ಇದಕ್ಕೆ ‘ನಮ್ಮ ಕನಸಿನ ದಾರಿ’ ಅಂತ ಹೆಸರಿಟ್ಟಿದ್ದಾರೆ. ಉಳಿದದ್ದು ಇದೊಂದೇ ದಾರಿ ಅಂತ ಇಟ್ಟರೆ ಯಾರು ನೋಡುತ್ತಾರೆ?

ಪ್ರ: ನೇಪಾಳ, ಚೀನಾಗಳಲ್ಲಿ ನಿಮಗೆ ಕೈತುಂಬ ಕೆಲಸವಿತ್ತೇನೋ.

ಕಾರ್ನೆ: ಎಲ್ಲಿಯ ಕೆಲಸ! ನೇಪಾಳದಲ್ಲಿ ನಮ್ಮ ಊರಿನ ಗಾಡಿಗೆ ದಿನದ ಲೆಕ್ಕದ ಭನ್ಸಾರ್ ಅನ್ನೋ ಸುಂಕದ ಚೀಟಿ ಸಾಕು. ಚೀನಾದವರಿಗೆ ನಾನು ಲೆಕ್ಕಕ್ಕೇ ಇಲ್ಲ. ಅವರದು ಅವರದೇ ಗ್ಯಾರಂಟಿ, ಅವರದೇ ತಾತ್ಕಾಲಿಕ ಲೈಸೆನ್ಸು, ಅವರದೇ ನಂಬರು. ಮುಂದೊಂದು ಕಾರಿನಲ್ಲಿ ಕಡ್ಡಾಯವಾಗಿ ಗೈಡ್. ನಮ್ಮ ತಂಡದ ನಾಯಕರು ಹೊರಡುವ ಮುಂಚೆ ಆರು ತಿಂಗಳು ‘ಲೀಡ್ ಯಾರು, ಕೊನೆಯಲ್ಲಿ ಸ್ವೀಪ್ ಯಾರು’ ಅಂತ ವಾಟ್ಸಾಪಿನಲ್ಲಿ ಜಗಳ ಆಡಿಸಿದ್ದರು. ಚೀನಾ ಮುಗಿಯುವ ತನಕ ಲೀಡ್ ಮಾಡಿದ್ದು ಆ ಗೈಡ್ ಹುಡುಗ. ನಾಯಕರು ಎರಡನೆಯವರಾಗಿ ಹೋದರು. ವಿಡಿಯೊದಲ್ಲಿ ಕಾರು ಬರದ ಹಾಗೆ ಕತ್ತರಿಸಿದ್ದಾರೆ.

ಪೆಟ್ರೋಲ್ ಬಂಕಿನ ಮಾತು ಕೇಳಿ. ಶಿನ್‌ಜಿಯಾಂಗ್‌ನಲ್ಲಿ ಬೈಕನ್ನು ಪಂಪಿನ ಹತ್ತಿರ ಬಿಡೋದಿಲ್ಲ. ದೂರ ನಿಲ್ಲಿಸಿ, ಕೊಕ್ಕಿರುವ ತಗಡಿನ ಕ್ಯಾನಿನಲ್ಲಿ ಹಿಡಿಸಿಕೊಂಡು ನಡೆದು ಬಂದು ಟ್ಯಾಂಕಿಗೆ ಸುರಿಯಬೇಕು. ಹನ್ನೆರಡು ಬೈಕು, ಒಂದೊಂದಕ್ಕೂ 15 ಲೀಟರ್ ಟ್ಯಾಂಕು. ಪ್ರತಿಯೊಬ್ಬರ ಪಾಸ್‌ಪೋರ್ಟೂ ನೋಡಬೇಕು. ಇಂಟರ್‌ಕಾಮಿನಲ್ಲಿ ‘ಗುರು, ಇವತ್ತು 500 ಕಿ.ಮೀ. ಹೊಡೀಬೇಕು’ ಅಂತ ಹೊರಟವರು ಮಧ್ಯಾಹ್ನದ ತನಕ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದರು.

ಪ್ರ: ಹಾಗಾದರೆ ಗಡಿಗಳು ಸಲೀಸಾಗಿರಲಿಲ್ಲ.

ಕಾರ್ನೆ: ಭೂಪಟದಲ್ಲಿ ಗಡಿ ಒಂದು ಗೆರೆ. ಚೀನಾದಿಂದ ಕಿರ್ಗಿಸ್ತಾನಕ್ಕೆ ಹೋಗಿ ನೋಡಿ, ಕಸ್ಟಮ್ಸ್ ಕಟ್ಟಡದಿಂದ ನಿಜವಾದ ಗೆರೆಗೆ 100 ಕಿ.ಮೀ.ಗಿಂತ ಹೆಚ್ಚು. ಕಾಗದದಲ್ಲಿ ದೇಶ ಬಿಟ್ಟಾಗಿದೆ, ರಸ್ತೆಯಲ್ಲಿ ಅರ್ಧ ದಿನ ಅದೇ ದೇಶದಲ್ಲಿದ್ದೀರಿ. ಒಂದೇ ಒಂದು ಬೈಕಿನ ಚೀಟಿಯಲ್ಲಿ ತಪ್ಪಿದ್ದರೂ ಹನ್ನೆರಡೂ ನಿಲ್ಲುತ್ತವೆ. ಗುಂಪಿನಲ್ಲಿ ಹೋಗುವುದು ಅಂದರೆ ಇದು. ದಾರಿಯ ಜಗಳವೆಲ್ಲ ಟೀಗೆ ಎಲ್ಲಿ ನಿಲ್ಲಿಸಬೇಕು ಅನ್ನೋದರ ಮೇಲೆ, ಒಗ್ಗಟ್ಟೆಲ್ಲ ಕಸ್ಟಮ್ಸ್ ಬೆಂಚಿನ ಮೇಲೆ.

ಪ್ರ: ತುರ್ಕ್‌ಮೆನಿಸ್ತಾನ?

ಕಾರ್ನೆ: ಹೋಗುವ ದಾರಿ ಮೊದಲೇ ಬರೆದುಕೊಡಬೇಕು, ಅದರಿಂದ ಆಚೀಚೆ ಆಗಬಾರದು. ಅಶ್ಗಾಬಾತ್ ಅಮೃತಶಿಲೆಯ ಊರು, ಕೊಳಕು ಗಾಡಿಗೆ ದಂಡ. ಹನ್ನೆರಡು ಜನ ಊರಾಚೆ ನಿಂತು ಬೈಕು ತೊಳೆದರು. ಮನೆಯಲ್ಲಿ ಯಾರೂ ಅವರನ್ನು ಆ ಭಂಗಿಯಲ್ಲಿ ನೋಡಿರಲಿಕ್ಕಿಲ್ಲ. ನನಗೆ ಅಲ್ಲೂ ಕೆಲಸ ಇರಲಿಲ್ಲ.

ಪ್ರ: ಕೊನೆಗೆ ಇರಾನ್.

ಕಾರ್ನೆ: ಹೂಂ, ನಾನು ಹುಟ್ಟಿದ್ದೇ ಅದಕ್ಕೆ. ಕಾರ್ನೆ ಇಲ್ಲದೆ ಪ್ರವಾಸಿ ಗಾಡಿಯನ್ನು ಸುಲಭವಾಗಿ ಒಳಗೆ ಬಿಡದ ದೇಶ. ಬಾಜ್‌ಗಿರಾನ್ ಗಡಿಯ ಆ ಅಧಿಕಾರಿಯನ್ನು ನಾನು ಮರೆಯೋದಿಲ್ಲ. ಚೀಲದಿಂದ ನನ್ನನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಬೈಕಿನ ಮುಂದೆ ಮಂಡಿಯೂರಿ, ಟಾರ್ಚು ಬಿಟ್ಟು, ಹ್ಯಾಂಡಲಿನ ಕೆಳಗಿನ ಕೊಳವೆಯ ಮೇಲೆ ಕೊರೆದ ಚಾಸಿ ನಂಬರನ್ನು ಒಂದೊಂದೇ ಅಕ್ಷರ ಪೆನ್ಸಿಲ್ ಮೊನೆಯಿಂದ ಮುಟ್ಟಿ ಓದಿದರು. ಒಟ್ಟು 17 ಅಕ್ಷರ. ಅದರಲ್ಲಿ ಐ, ಓ, ಕ್ಯೂ ಬರಬಾರದು ಅಂತ ನಿಯಮವೇ ಇದೆ, ಒಂದು ಮತ್ತು ಸೊನ್ನೆ ಅಂತ ತಪ್ಪು ಓದಿಯಾರು ಅಂತ. ಆದರೆ ಬಿ ಅಕ್ಷರ ಇದೆ, 8 ಅಂಕಿಯೂ ಇದೆ. ಹನ್ನೊಂದನೆಯ ಜಾಗದಲ್ಲಿ ಪೆನ್ಸಿಲ್ ನಿಂತಿತು. ಹೆಬ್ಬೆರಳಿನ ಉಗುರಿನಿಂದ ಬಣ್ಣದ ಪೊರೆ ಕೆರೆದರು, ಕರ್ಚೀಫಿನಲ್ಲಿ ಒರೆಸಿದರು, ನನ್ನ ಮುಖ ನೋಡಿದರು, ಮತ್ತೆ ಕೆರೆದರು. ಎಂಟೇ ಹೌದು ಅಂತ ಖಾತ್ರಿಯಾದ ಮೇಲೆ ಮುದ್ರೆ ಬಿತ್ತು ನೋಡಿ, ನನ್ನ ಜನ್ಮ ಸಾರ್ಥಕ. ನನ್ನ ಸವಾರನಿಗೆ ತಡವಾಯಿತು ಅಂತ ಸಿಟ್ಟು. ಇಡೀ ಪ್ರಯಾಣದಲ್ಲಿ ಆ ಬೈಕನ್ನು ಅಷ್ಟು ಪ್ರೀತಿಯಿಂದ ನೋಡಿದವರು ಅವರೊಬ್ಬರೇ.

ಪ್ರ: ಹೊರಬರುವಾಗ ಏನಾಯಿತು?

ಕಾರ್ನೆ: ಬಾಜರ್ಗಾನ್ ಗಡಿ, ಆಚೆ ಟರ್ಕಿ. ಎದುರಿಗೆ 5,137 ಮೀಟರಿನ ಅರಾರತ್ ಪರ್ವತ, ಇಳಿಬಿಸಿಲು. ‘ಬೆಳಕು ಹೋಗುತ್ತೆ, ಬೇಗ ಬೇಗ’ ಅಂತ ನಾಯಕರ ಕೂಗು. ಕಾಗದದ ಜವಾಬ್ದಾರಿ ಹೊತ್ತಿದ್ದವರು ನಿವೃತ್ತ ಬ್ಯಾಂಕ್ ಮ್ಯಾನೇಜರು, ಪಾಪ, ಅಚ್ಚುಕಟ್ಟಿನ ಮನುಷ್ಯ. ಹನ್ನೆರಡು ಕಾರ್ನೆ ಒಟ್ಟಿಗೆ ಕಿಟಕಿಯೊಳಗೆ ಕೊಟ್ಟರು. ಅಷ್ಟರಲ್ಲಿ ಚಟ್ನಿಪುಡಿ ಪೊಟ್ಟಣ ಒಡೆದು ಎಣ್ಣೆ ಜಿನುಗಿ, ನಾನು ಪಕ್ಕದ ಕಾರ್ನೆಗೆ ಅಂಟಿಕೊಂಡಿದ್ದೆ. ಒಳಗಿದ್ದವರು ಒಂದೇ ಪುಸ್ತಕ ಅಂದುಕೊಂಡು ಮೇಲಿನದಕ್ಕೆ ಒತ್ತಿದರು. ಮ್ಯಾನೇಜರು ವಾಪಸು ಬಂದ ಪುಸ್ತಕ ಬಿಡಿಸಿ ಎಣಿಸಿದರು, ಹನ್ನೆರಡು. ಮುದ್ರೆ ಎಣಿಸಲಿಲ್ಲ.

ಗೊತ್ತಾಗಿದ್ದು ದೋಬಾಯಾಜಿತ್ ಊರಿನಲ್ಲಿ, ಪುಟ್ಟ ಗಾಜಿನ ಲೋಟದಲ್ಲಿ ಟೀ ಕುಡಿಯುವಾಗ. ಗಡಿ ಹತ್ತಿರದಲ್ಲೇ ಇದೆ. ಆದರೆ ಸವಾರನ ಇರಾನ್ ವೀಸಾ ಒಂದು ಸಲದ್ದು, ಮುಗಿದುಹೋಗಿತ್ತು. ಅವನು ಕಾನೂನಿನ ಪ್ರಕಾರ ಹೊರಗೆ, ಅವನು ಕೂತ ಬೈಕು ಕಾನೂನಿನ ಪ್ರಕಾರ ಒಳಗೆ.

ಪ್ರ: ತಂಡದವರು ಏನಂದರು?

ಕಾರ್ನೆ: ‘ಆಮೇಲೆ ನೋಡಿಕೊಂಡರಾಯಿತು ಬಿಡು ಮಚ್ಚಾ’ ಅಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತಾರಲ್ಲ, ಹಾಗೆ. ಅಲ್ಲಿಂದಾಚೆ ಯುರೋಪಿನಲ್ಲಿ ನನ್ನನ್ನು ಕೇಳುವವರಿಲ್ಲ, ಅಲ್ಲಿ ವಿಮೆಯ ಗ್ರೀನ್ ಕಾರ್ಡಿನದೇ ದರ್ಬಾರು. ರಸ್ತೆ ಚೆನ್ನಾಗಿತ್ತಂತೆ. ಇಂಗ್ಲೆಂಡಿನಲ್ಲಿ ಮತ್ತೆ ಎಡಬದಿಗೆ ಬಂದಾಗ ಇಬ್ಬರು ವೃತ್ತದಲ್ಲಿ ಉಲ್ಟಾ ಹೋದರಂತೆ. ನನಗೆ ತಿಳಿದದ್ದು ಇಷ್ಟೇ.

ಪ್ರ: ಈಗ ಈ ಫೈಲಿನಲ್ಲಿ ಏನು ನಡೆಯುತ್ತಿದೆ?

ಕಾರ್ನೆ: ನನ್ನ ಕೊನೇ ಪುಟದಲ್ಲಿ ಒಂದು ದೃಢೀಕರಣ ಇದೆ, ಬೈಕು ಸ್ವದೇಶದಲ್ಲೇ ಇದೆ, ಕಣ್ಣಾರೆ ಕಂಡಿದ್ದೇನೆ ಅಂತ ಅಧಿಕಾರಿಯೊಬ್ಬರು ಬರೆದು ಸಹಿ ಹಾಕಿದರೆ ತಪ್ಪಿದ ಮುದ್ರೆಗೆ ಪರಿಹಾರ ಸಿಗಬಹುದು. ಬೈಕು ಸವಾರನ ಮನೆ ಕೆಳಗೆ ನಿಂತಿದೆ. ಹಾರ ಇನ್ನೂ ತೆಗೆದಿಲ್ಲ. ಇಲ್ಲಿನ ಸಾಹೇಬರಿಗೆ ಎದ್ದ ತಕರಾರು ಬೇರೆ. ಇರಾನಿನ ಒಳಬರುವ ಮುದ್ರೆಯಲ್ಲಿ ಇಸವಿ 1402 ಅಂತಿದೆ, ಅದು ಅಲ್ಲಿಯ ಪಂಚಾಂಗ. ‘ಆರುನೂರು ವರ್ಷದ ಹಿಂದಿನ ಬೈಕಿಗೆ ನಾನು ಹೇಗ್ರೀ ಸಹಿ ಹಾಕಲಿ?’ ಅಂತ ಷರಾ ಬರೆದು ಮೇಲಕ್ಕೆ ಕಳಿಸಿದ್ದಾರೆ. ನನ್ನ ಆಯಸ್ಸು ಒಂದೇ ವರ್ಷ, ಅದು ಅವರ ಟೇಬಲ್ಲಿನ ಮೇಲೇ ಮುಗಿಯೋ ಹಾಗಿದೆ.

ಪ್ರ: ತಂಡ ಮುಂದಿನ ವರ್ಷ ಆಫ್ರಿಕಾಕ್ಕೆ ಹೊರಡುತ್ತದೆಯಂತೆ.

ಕಾರ್ನೆ: ಹೊರಡಲಿ. ಅಲ್ಲಿ ನಮ್ಮವರಿಗೆ ಕೆಲಸ ಜಾಸ್ತಿ. ಹೊಸ ಜಾಕೆಟ್ಟಿನ ಡಿಸೈನು ಆಗಲೇ ಗ್ರೂಪಿಗೆ ಬಂದಿದೆಯಂತೆ. ನನ್ನ ಸವಾರನಿಗೆ ಮಾತ್ರ ಜಾಮೀನು ಸಿಕ್ಕಿಲ್ಲ. ಎಫ್‌ಡಿ ಬಿಡುಗಡೆ ಆಗೋ ತನಕ ಆ ತಾಯಿ ಇನ್ನೊಂದು ಸಹಿ ಹಾಕೋದಿಲ್ಲ ಅಂದಿದ್ದಾರೆ. ನೀವು ಪತ್ರಿಕೆಯವರು, ಒಂದು ಉಪಕಾರ ಮಾಡಿ. ನಿಮ್ಮ ಓದುಗರ ಮನೆಯಲ್ಲೂ ಯಾರಾದರೂ ಬೈಕು ಹತ್ತಿ ದೇಶಾಂತರ ಹೊರಟಿರಬಹುದು. ಗ್ಯಾರಂಟಿ ಕಾಗದಕ್ಕೆ ರುಜು ಹಾಕುವ ಮನೆಯವರಿಗೆ ಹೇಳಿ: ಚಾಸಿ ನಂಬರಿನ ಹದಿನೇಳೂ ಅಕ್ಷರ ಬೈಕಿನ ಮುಂದೆ ಕೂತು ನೀವೇ ಓದಿ ನೋಡಿ, ಪ್ರತಿ ಗಡಿ ದಾಟಿದ ಸಂಜೆ ಪರ್ವತದ ಫೋಟೊ ಬದಲು ಮುದ್ರೆಯ ಫೋಟೊ ಕಳಿಸು ಅಂತ ಕೇಳಿ, ಚಟ್ನಿಪುಡಿ ಬೇರೆ ಚೀಲದಲ್ಲಿ ಕಟ್ಟಿಕೊಡಿ.