ಕುಣಿಯಬೇಕು, ಕುಣಿಯುವವಳಾಗಬಾರದು

ಆಷಾಢದಲ್ಲಿ ಶುಭಕಾರ್ಯ ಕೂಡದು ಎನ್ನುತ್ತದೆ ನಮ್ಮ ಪಂಚಾಂಗ. ನ್ಯೂಜೆರ್ಸಿ, ಟೆಕ್ಸಸ್, ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರ ಪಂಚಾಂಗವೇ ಬೇರೆ. ಅವರ ಮನೆಯ ಅತಿ ದೊಡ್ಡ ಶುಭಕಾರ್ಯ ನಡೆಯುವುದೇ ಜೂನ್‌ನಿಂದ ಆಗಸ್ಟ್ ಒಳಗೆ. ಅದಕ್ಕೆ ಮುಹೂರ್ತ ಇಡುವವರು ಮೂವರು: ಶಾಲೆಯ ಬೇಸಿಗೆ ರಜೆ, ಹೈಸ್ಕೂಲ್ ಆಡಿಟೋರಿಯಂನ ಬುಕಿಂಗ್ ಕ್ಲರ್ಕು ಮತ್ತು ಚೆನ್ನೈನ ಮೃದಂಗ ವಿದ್ವಾಂಸರ ವೀಸಾ. ಮೂವರೂ ಹೂಂ ಅಂದ ಶನಿವಾರವೇ ಮಗಳ ಭರತನಾಟ್ಯ ರಂಗಪ್ರವೇಶ.

ಗಂಡೊಂದಿಲ್ಲ, ಮಿಕ್ಕಿದ್ದೆಲ್ಲ ಮದುವೆಯೇ. ಆರು ತಿಂಗಳು ಮೊದಲೇ ‘ಸೇವ್ ದಿ ಡೇಟ್’ ಬರುತ್ತದೆ. ಪಾರ್ಕಿನ ಮರದಡಿ ಅರೆಮಂಡಿಯಲ್ಲಿ ಫೋಟೋಶೂಟ್ ಆಗುತ್ತದೆ. ಬೆಂಗಳೂರಿನ ಟೈಲರ್‌ಗೆ ವಾಟ್ಸಾಪ್‌ನಲ್ಲಿ ಅಳತೆ ಹೋಗುತ್ತದೆ. ರೇಷ್ಮೆ ಡ್ರೆಸ್ಸು ಕೊರಿಯರ್‌ನಲ್ಲಿ ಬಂದು ಮುಟ್ಟುವಷ್ಟರಲ್ಲಿ ಹುಡುಗಿ ಒಂದಿಂಚು ಉದ್ದವಾಗಿರುತ್ತಾಳೆ, ಮತ್ತೆ ವಾಟ್ಸಾಪ್. ನಟ್ಟುವಾಂಗಕ್ಕೆ ಗುರುಗಳು ಊರಲ್ಲೇ ಇದ್ದಾರೆ. ಹಾಡುಗಾರಿಕೆ, ಮೃದಂಗ, ಪಿಟೀಲು, ಕೊಳಲು ಮಾತ್ರ ಸಮುದ್ರ ದಾಟಿ ಬರಬೇಕು. ಇಂಥವರಿಗಾಗಿಯೇ ಅಮೆರಿಕ ಸರ್ಕಾರ ಪಿ-3 ಎಂಬ ವೀಸಾ ಇಟ್ಟಿದೆ. ‘ಸಾಂಸ್ಕೃತಿಕವಾಗಿ ವಿಶಿಷ್ಟ’ ಕಾರ್ಯಕ್ರಮ ಕೊಡುವವರಿಗೆ ಸಿಗುವಂಥದ್ದು. ಬಂದವರು ಒಂದೇ ಬೇಸಿಗೆಯಲ್ಲಿ ಡಲ್ಲಾಸ್, ಡೆಟ್ರಾಯಿಟ್, ಸ್ಯಾನ್ ಹೊಸೆ ಎಂದು ವಾರಕ್ಕೊಂದು ಊರು ಸುತ್ತುತ್ತಾರೆ. ಪ್ರತಿ ಊರಲ್ಲೂ ಹುಡುಗಿ ಬೇರೆ, ತಿಲ್ಲಾನ ಮಾತ್ರ ಅದೇ. ಹೂವು, ಸಭಾಂಗಣ, ವಿಡಿಯೊ, ಮೇಕಪ್ಪು, ಊಟ ಎಲ್ಲ ಕೂಡಿದರೆ ಖರ್ಚು ಹತ್ತಾರು ಸಾವಿರ ಡಾಲರ್. ಎಷ್ಟಾಯಿತು ಎಂದು ಕೇಳಿದರೆ ಹುಡುಗಿಯ ಅಪ್ಪ ನಗುತ್ತಾರೆ: “ಕಲೆಗೆ ಬೆಲೆ ಕಟ್ಟೋಕಾಗುತ್ತಾ ಸಾರ್?” ಕಟ್ಟಿದ್ದಾರೆ. ಎಕ್ಸೆಲ್ ಶೀಟಿನಲ್ಲಿ, ಕೇಟರಿಂಗಿನವರ ಅಡ್ವಾನ್ಸ್ ಸಮೇತ.

ಬಾಸ್ಕೆಟ್‌ಬಾಲ್ ಗೆದ್ದ ಬ್ಯಾನರುಗಳ ಕಾರಿಡಾರ್ ದಾಟಿ ಒಳಗೆ ಹೋದರೆ ವೇದಿಕೆಯ ಮೂಲೆಯಲ್ಲಿ ನಟರಾಜ. ಬೆಳಗ್ಗೆ ಎಸ್‌ಯುವಿಯ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಸಿಕೊಂಡು ಬಂದವನು. ಸುತ್ತ ಜ್ವಾಲೆಯ ಪ್ರಭಾವಳಿ, ಒಂದು ಕೈಯಲ್ಲಿ ಅಗ್ನಿ. ಆದರೆ ಅವನೆದುರು ಬೆಂಕಿಕಡ್ಡಿ ಗೀರುವಂತಿಲ್ಲ. ಸಭಾಂಗಣದ ಅಗ್ನಿಸುರಕ್ಷಾ ನಿಯಮ. ಆದ್ದರಿಂದ ಮುಖ್ಯ ಅತಿಥಿಗಳು ದೀಪದ ಬುಡದ ಸ್ವಿಚ್ಚು ಒತ್ತಿ ಜ್ಯೋತಿ ಬೆಳಗುತ್ತಾರೆ. ಅದು ಬೆಳಗದಿದ್ದರೆ ಹುಡುಗಿಯ ಸೋದರಮಾವ ಓಡಿ ಬಂದು ಬ್ಯಾಟರಿ ತಿರುಗಿಸಿ ಹಾಕುತ್ತಾರೆ. ನಡುವೆ ಹುಡುಗಿ ಡ್ರೆಸ್ ಬದಲಿಸಲು ಹೋದಾಗ ಪರದೆಯ ಮೇಲೆ ಸ್ಲೈಡ್ ಶೋ: ಡಯಾಪರ್‌ನಲ್ಲಿ ಕುಣಿಯುತ್ತಿರುವ ಮಗು, ಡಿಸ್ನಿಲ್ಯಾಂಡಿನಲ್ಲಿ ಮಗು, ಅಜ್ಜಿಯ ತೊಡೆಯ ಮೇಲೆ ಮಗು. ಇಡೀ ಸಂಜೆಯಲ್ಲಿ ಸಭಿಕರು ಒಬ್ಬರೂ ಮೇಲೇಳದೆ ನೋಡುವ ಐಟಂ ಇದೊಂದೇ.

ಏಕೆಂದರೆ ವರ್ಣದ ಹೊತ್ತಿಗೆ ಅರ್ಧ ಜನ ಸಮೋಸದ ಕಡೆ ಹೋಗಿರುತ್ತಾರೆ. ವರ್ಣವೆಂದರೆ ಕಛೇರಿಯ ಬೆನ್ನೆಲುಬು. ಮುಕ್ಕಾಲು ಗಂಟೆ ಬೇಕಾದರೂ ನಡೆಯುತ್ತದೆ. ನಾಯಿಕೆ ನಲ್ಲನಿಗಾಗಿ ಕಾಯುತ್ತಾಳೆ, ಕೊರಗುತ್ತಾಳೆ, ಅವನನ್ನು ಕರೆತಾ ಎಂದು ಸಖಿಯನ್ನು ಕಾಡುತ್ತಾಳೆ. ನಂತರದ ಪದ, ಜಾವಳಿಗಳಲ್ಲಿ ಸಂಗತಿ ಇನ್ನೂ ಬಿಸಿ. ಖಂಡಿತಾ ನಾಯಿಕೆ ಬೇರೊಬ್ಬಳ ಗುರುತು ಹೊತ್ತು ಬಂದವನನ್ನು ಹೊಸಿಲಲ್ಲೇ ಜಾಡಿಸುತ್ತಾಳೆ. ಅಭಿಸಾರಿಕೆ ಕತ್ತಲಲ್ಲಿ ಗೆಜ್ಜೆಯ ಸದ್ದಡಗಿಸಿ ಪ್ರಿಯನ ಮನೆಗೆ ಹೊರಡುತ್ತಾಳೆ. ಇದನ್ನೆಲ್ಲ ಅಭಿನಯಿಸುವ ಹದಿನಾರರ ಹುಡುಗಿ ರಾತ್ರಿ ಒಂಬತ್ತಾದರೆ ಫೋನಿನಲ್ಲಿ ಲೊಕೇಶನ್ ಆನ್ ಮಾಡಿಟ್ಟಿರಬೇಕು. ಕೆಮಿಸ್ಟ್ರಿ ಲ್ಯಾಬಿನ ಹುಡುಗ ಮನೆಗೆ ಫೋನ್ ಮಾಡಿದರೆ “ಯಾರವನು, ಯಾವ ಸಬ್ಜೆಕ್ಟ್ ವಿಷಯ” ಎಂದು ವಿಚಾರಣೆ. ಅದೇ ಅಮ್ಮ ಮುಂದಿನ ಸಾಲಿನಲ್ಲಿ ಕೂತು, ಮಗಳ ವಿರಹಕ್ಕೆ ಕಣ್ಣೊರೆಸಿಕೊಂಡು ಪಕ್ಕದವರಿಗೆ ಹೇಳುತ್ತಾರೆ: “ಎಷ್ಟು ಫೀಲ್ ಮಾಡ್ಕೊಂಡು ಮಾಡ್ತಾಳೆ ನೋಡಿ!” ಯಾರಿಗಾದರೂ ಮುಜುಗರವಾದೀತು ಎಂದು ನಿರೂಪಣೆಯ ಹುಡುಗಿ ಫೋನ್ ನೋಡಿಕೊಂಡು ಮೊದಲೇ ಓದಿಬಿಟ್ಟಿರುತ್ತಾಳೆ: ಇದು ಜೀವಾತ್ಮ ಪರಮಾತ್ಮನಿಗಾಗಿ ಹಂಬಲಿಸುವ ಕಥೆ. ಅಮೆರಿಕದಲ್ಲಿ ಪರಮಾತ್ಮನೊಬ್ಬನಿಗೇ ಬಾಯ್‌ಫ್ರೆಂಡ್ ಆಗಲು ಪರ್ಮಿಷನ್.

ಸಭಿಕರ ವಿಷಯಕ್ಕೆ ಬರೋಣ. ಇವರಾರೂ ಟಿಕೆಟ್ ಕೊಂಡವರಲ್ಲ. ಬಂದದ್ದಕ್ಕೆ ಬಿಸಿಬೇಳೆಭಾತ್, ಜಾಮೂನು. ಹೊರಡುವಾಗ ಕೈಗೊಂದು ರಿಟರ್ನ್ ಗಿಫ್ಟ್ ಚೀಲ. ಕಲಾವಿದೆಯೇ ಖರ್ಚು ಮಾಡಿ, ಪ್ರೇಕ್ಷಕನಿಗೇ ಉಣ್ಣಿಸಿ, ಉಡುಗೊರೆ ಕೊಟ್ಟು ಕಳಿಸುವ ಕಲೆ ಜಗತ್ತಿನಲ್ಲಿ ಇನ್ನೊಂದಿದ್ದರೆ ತಿಳಿದವರು ಹೇಳಬೇಕು. ಪ್ರೇಕ್ಷಕನೂ ಸುಮ್ಮನೆ ಬಂದವನಲ್ಲ. ಹೋದ ವರ್ಷ ಅವನ ಮಗಳದಕ್ಕೆ ಇವರು ಹೋಗಿದ್ದರು. ಬರುವ ತಿಂಗಳು ಪಕ್ಕದ ಸಬ್‌ಡಿವಿಷನ್ನಿನವರ ಮಗಳದಕ್ಕೆ ಇಬ್ಬರೂ ಹೋಗಬೇಕು. ನಮ್ಮ ಹಳ್ಳಿಗಳಲ್ಲಿ ಇದನ್ನು ಮುಯ್ಯಿ ಎನ್ನುತ್ತಾರೆ.

ಇಷ್ಟೆಲ್ಲ ಯಾಕೆ ಎಂದರೆ ಸಂಸ್ಕೃತಿ ಉಳಿಸಲು ಎಂಬ ಉತ್ತರ ಸಿದ್ಧವಿದೆ. ಸಂಸ್ಕೃತಿ ಉಳಿಸಬೇಕಾದ ಬೇಸಿಗೆ ಯಾವುದು ಎಂಬುದೂ ನಿಗದಿಯಾಗಿದೆ: ಹನ್ನೊಂದನೇ ಕ್ಲಾಸು ಮುಗಿದ ಬೇಸಿಗೆ. ಅಮೆರಿಕದ ಕಾಲೇಜುಗಳಿಗೆ ಸೇರಲು ತುಂಬುವ ‘ಕಾಮನ್ ಆ್ಯಪ್’ ಎಂಬ ಅರ್ಜಿ ಆಗಸ್ಟ್ 1ಕ್ಕೆ ತೆರೆದುಕೊಳ್ಳುತ್ತದೆ. ಅದರಲ್ಲಿ ಪಠ್ಯೇತರ ಚಟುವಟಿಕೆಗೆ 10 ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ. ಭರತಮುನಿಗೆ 36 ಅಧ್ಯಾಯ ಬೇಕಾಯಿತು, ಪಾಪ, ಹೇಳಿಕೊಡುವ ಕೌನ್ಸೆಲರ್ ಇರಲಿಲ್ಲ. ಇದಲ್ಲದೆ 650 ಪದಗಳೊಳಗೆ ಒಂದು ಪ್ರಬಂಧ: ಕಾಲಲ್ಲಿ ಗುಳ್ಳೆ ಎದ್ದದ್ದು, ಛಲ ಬಿಡದೆ ಕಲಿತದ್ದು, ಎರಡು ಸಂಸ್ಕೃತಿಗಳ ನಡುವೆ ಸೇತುವೆಯಾದದ್ದು. ಪ್ರವೇಶ ಸಮಿತಿಯವರು ಇಂಥ ಸೇತುವೆಗಳನ್ನು ಎಷ್ಟು ಓದಿದ್ದಾರೆಂದರೆ, ಅಟ್ಲಾಂಟಿಕ್ ಸಾಗರದಲ್ಲಿ ನೀರು ಕಾಣುವುದೇ ಕಷ್ಟ. ಹತ್ತು ವರ್ಷದ ಅಡವು ಕೊನೆಗೆ ಬಂದು ನಿಲ್ಲುವುದು ಡಿಬೇಟ್ ಕ್ಲಬ್ಬಿನ ಕೆಳಗೆ, ಆಸ್ಪತ್ರೆ ಸ್ವಯಂಸೇವೆಯ ಮೇಲೆ.

ಅದಕ್ಕೂ ನನ್ನ ತಕರಾರಿಲ್ಲ. ಕಾಲೇಜು ಸಿಗಲಿ. ತಮಾಷೆ ಇರುವುದು ಆ ಸಂಜೆಯ ಭಾಷಣಗಳಲ್ಲಿ. ಮುಖ್ಯ ಅತಿಥಿ ಹೇಳುತ್ತಾರೆ: ಈ ಮಗು ನೃತ್ಯಕ್ಕಾಗಿಯೇ ಹುಟ್ಟಿದ್ದು. ಗುರುಗಳು ಹೇಳುತ್ತಾರೆ: ಇದು ಆರಂಭ ಮಾತ್ರ, ಕಲೆಯನ್ನು ಕೈಬಿಡಬೇಡ. ಅಪ್ಪ ಗದ್ಗದಿತರಾಗುತ್ತಾರೆ: ನಾಟ್ಯವೇ ಇವಳ ಉಸಿರು. ಊಟದ ಸಾಲಿನಲ್ಲಿ ಅದೇ ಅಪ್ಪನನ್ನು ಕೇಳಿ ನೋಡಿ, “ಹಾಗಾದರೆ ಮಗಳು ಮುಂದೆ ಡಾನ್ಸರ್ ಆಗ್ತಾಳಾ?” ಕೈಲಿದ್ದ ಪ್ಲೇಟು ಅಲ್ಲಾಡುತ್ತದೆ. “ಛೆ ಛೆ, ಇಲ್ಲ ಸಾರ್, ಪ್ರೀ-ಮೆಡ್. ಡಾನ್ಸು ಹಾಬಿ.” ಐದು ನಿಮಿಷದ ಹಿಂದೆ ಉಸಿರಾಗಿದ್ದದ್ದು.

ಆ ವೇದಿಕೆಯ ಮೇಲೆ ಕಲೆಯಿಂದ ಹೊಟ್ಟೆ ಹೊರೆಯುವವರು ನಾಲ್ವರಿದ್ದಾರಲ್ಲ, ಆ ಹಿಮ್ಮೇಳದವರು. ಅವರಿಗೆ ಶಾಲು, ಹಾರ, ಮೈಸೂರು ಪೇಟ, ಸ್ಮರಣಿಕೆ, ಹೊಗಳಿಕೆ. “ಸರಸ್ವತೀಪುತ್ರರು” ಎನ್ನುತ್ತಾರೆ. ಸರಸ್ವತೀಪುತ್ರರೊಬ್ಬರ ಜಾತಕ ಮಗಳಿಗೆ ಬಂದರೆ ಏನನ್ನುತ್ತಾರೆ ಎಂದು ಕೇಳಬೇಡಿ. ಗುರುಗಳ ಪಾಡೂ ಅಷ್ಟೇ. ಬೇಸ್‌ಮೆಂಟಿನಲ್ಲಿ ವಾರಕ್ಕೆ ಐದು ದಿನ ತಟ್ಟುಮಣೆ ಕುಟ್ಟಿ ಮನೆಕಂತು ಕಟ್ಟುತ್ತಾರೆ. ದುಡ್ಡು ಬರುವುದು ಕಲಿಸುವುದರಿಂದಲೇ ಹೊರತು ಕುಣಿಯುವುದರಿಂದಲ್ಲ. ಅವರೇ ಗೆಜ್ಜೆ ಕಟ್ಟಿ ಪೂರ್ತಿ ಕಛೇರಿ ಮಾಡಿದ್ದು ಯಾವಾಗ ಎಂದು ಕೇಳಿದರೆ, “ಮಕ್ಕಳ ರಂಗಪ್ರವೇಶದ ಗಲಾಟೆಯಲ್ಲಿ ಟೈಮೆಲ್ಲಿ” ಎಂದು ನಗುತ್ತಾರೆ. ಕರೆದವರು ಯಾರು ಎಂಬುದನ್ನು ನಾವೂ ಕೇಳುವುದಿಲ್ಲ.

ಇದು ಅಮೆರಿಕದ ನೀರು ಕುಡಿದು ಬಂದ ಬುದ್ಧಿಯೇನಲ್ಲ, ಇಲ್ಲಿಂದಲೇ ಸೂಟ್‌ಕೇಸಿನಲ್ಲಿ ಹೋದದ್ದು. ಒಂದು ಕಾಲಕ್ಕೆ ಈ ಕಲೆ ಬದುಕಿದ್ದು ಅದರಿಂದಲೇ ಬದುಕುತ್ತಿದ್ದ ಹೆಂಗಸರ ಕಾಲಲ್ಲಿ. ಮೈಸೂರಿನ ಜಟ್ಟಿ ತಾಯಮ್ಮ ಅರಮನೆಯ ಕಲಾವಿದೆ. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಕಡೂರು ಕಡೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿ, ಆಸ್ಥಾನ ವಿದುಷಿಯಾಗಿ, 1992ರಲ್ಲಿ ಪದ್ಮಭೂಷಣ ಪಡೆದವರು. ಅವರಿಗೆ ನಾಟ್ಯ ಹಾಬಿಯಾಗಿರಲಿಲ್ಲ. ಆಮೇಲೆ ನಮಗೆ ಮರ್ಯಾದೆಯ ಚಿಂತೆ ಹತ್ತಿತು. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮದ್ರಾಸಿನಲ್ಲಿ 1947ರಲ್ಲಿ ಕಾನೂನೇ ಬಂತು. ಈ ನಡುವೆ ಸದಿರ್ ಎಂಬ ಹೆಸರು ಹೋಗಿ ಭರತನಾಟ್ಯವಾಯಿತು, 1936ರಲ್ಲಿ ರುಕ್ಮಿಣೀದೇವಿಯವರ ಕಲಾಕ್ಷೇತ್ರ ಎದ್ದಿತು, ಒಳ್ಳೆಯ ಮನೆತನದ ಹುಡುಗಿಯರು ಧೈರ್ಯವಾಗಿ ಗೆಜ್ಜೆ ಕಟ್ಟಿದರು. ಶೋಷಣೆ ನಿಲ್ಲಬೇಕಿತ್ತು, ನಿಜ. ಆದರೆ ಆ ಹೆಂಗಸರಿಗೆ ಬದುಕಲು ಬೇರೆ ದಾರಿ ತೋರಿಸುವ ಕೆಲಸವನ್ನು ಯಾರೂ ಅಷ್ಟೇ ಉತ್ಸಾಹದಿಂದ ಹಚ್ಚಿಕೊಳ್ಳಲಿಲ್ಲ. ಹೀಗೆ ಕುಣಿತವನ್ನು ನೆಚ್ಚಿಕೊಂಡವರು ಹೊರಗಾಗಿ, ನೆಚ್ಚಿಕೊಳ್ಳುವ ದರ್ದಿಲ್ಲದವರು ಒಳಗೆ ಬಂದರು. ಕುಣಿದರೆ ಮರ್ಯಾದೆ, ಕುಣಿದು ಉಂಡರೆ ಅಲ್ಲ ಎಂಬ ಶಾಸ್ತ್ರ ಆಗ ಹುಟ್ಟಿದ್ದು. ಸಾಗರದಾಚೆ ಅದಕ್ಕೆ ಡಾಲರ್ ಭಾಷ್ಯ ಬಂದಿದೆ.

ಬೇರೆ ದೇಶದಲ್ಲಿ ಇದಕ್ಕೆ ಮಾರುಕಟ್ಟೆ ಎಲ್ಲಿದೆ ಎನ್ನುವವರಿಗೆ ಒಂದೆರಡು ವಿಷಯ. 1925ರಲ್ಲಿ, ಏಳು ವರ್ಷದ ಮಗುವಾಗಿ, ಕಂಚಿಯ ಅಮ್ಮನ ಗುಡಿಯಲ್ಲಿ ರಂಗವೇರಿದ ಬಾಲಸರಸ್ವತಿ ಆ ದೇವದಾಸಿ ಪರಂಪರೆಯ ಮನೆತನದ ಕುಡಿ. 1962ರಲ್ಲಿ ಮ್ಯಾಸಚೂಸೆಟ್ಸ್‌ನ ಜೇಕಬ್ಸ್ ಪಿಲ್ಲೋ ನೃತ್ಯೋತ್ಸವದಲ್ಲಿ ಆಕೆ ಅಮೆರಿಕನ್ನರ ಮುಂದೆ ಅಭಿನಯಿಸಿದರು. ಮುಂದೆ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ರಾಣಿ ರಾಮಸ್ವಾಮಿ 1992ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಕಟ್ಟಿದ ರಾಗಮಾಲಾ ತಂಡಕ್ಕೆ ಭರತನಾಟ್ಯವೇ ವೃತ್ತಿ. ನಮ್ಮ ಹೆಸರಘಟ್ಟದ ನೃತ್ಯಗ್ರಾಮ, ಪ್ರೊತಿಮಾ ಬೇಡಿ 1990ರಲ್ಲಿ ಕಟ್ಟಿದ ಒಡಿಸ್ಸಿ ಗುರುಕುಲ; ಅದರ ತಂಡ ನ್ಯೂಯಾರ್ಕಿನ ಜಾಯ್ಸ್ ಥಿಯೇಟರಿನಲ್ಲಿ ಕುಣಿದಿದೆ, ಜನ ಟಿಕೆಟ್ ಕೊಂಡು ನೋಡಿದ್ದಾರೆ. ಅಲ್ಲಿ ಸಮೋಸ ಕೊಡುವುದಿಲ್ಲ. ಇಂಥದ್ದೊಂದು ಕಾರ್ಯಕ್ರಮ ನಿಮ್ಮೂರಿಗೆ ಬರುತ್ತಿದೆಯಂತೆ ಎಂದು ನಮ್ಮ ಹುಡುಗಿಯ ಅಪ್ಪನಿಗೆ ಹೇಳಿದರೆ, ಮಗಳ ಕಲೆಗೆ ಹತ್ತಾರು ಸಾವಿರ ಸುರಿದ ಆ ಮಹನೀಯರು ಕೇಳುತ್ತಾರೆ: “ಪಾಸ್ ಏನಾದ್ರೂ ಸಿಗುತ್ತಾ ಸಾರ್?”

ಬೆಂಗಳೂರಿನಲ್ಲಿ ಕೂತು ಇದನ್ನೋದಿ ನಗುತ್ತಿರುವವರು ಒಂದು ಸಂಜೆ ಜೆ.ಸಿ. ರಸ್ತೆಯ ಎಡಿಎ ರಂಗಮಂದಿರಕ್ಕೋ ಮಲ್ಲೇಶ್ವರದ ಸೇವಾಸದನಕ್ಕೋ ಹೋಗಿ ಬನ್ನಿ. ಪ್ರವೇಶ ಉಚಿತ, ಸರ್ವರಿಗೂ ಸ್ವಾಗತ, ಕೂತವರೆಲ್ಲ ನೆಂಟರು. ಡಿಸೆಂಬರ್ ಬಂದರೆ ಆ ಅಮೆರಿಕದ ಹುಡುಗಿಯರೂ ರಂಗಪ್ರವೇಶಕ್ಕೆಂದು ಬಂದು ಇಲ್ಲೇ ಸಿಗುತ್ತಾರೆ. ಸಭಾಂಗಣ, ಹಿಮ್ಮೇಳ, ಊಟ ಎಲ್ಲ ಸೇರಿ ಅಲ್ಲಿಗಿಂತ ಅಗ್ಗ, ಅಜ್ಜಿಗೂ ವೀಸಾ ಬೇಡ. ಮುನ್ನೂರು ರೂಪಾಯಿಯ ಪಾಪ್‌ಕಾರ್ನ್ ತಿನ್ನುವ ಊರಿನಲ್ಲಿ ನೂರು ರೂಪಾಯಿ ಟಿಕೆಟಿನ ನೃತ್ಯ ಕಾರ್ಯಕ್ರಮ ಇಟ್ಟು ಸೈ ಅನ್ನಿಸಿಕೊಂಡ ಸಂಘಟಕರಿದ್ದರೆ ಅವರಿಗೇ ಒಂದು ಸನ್ಮಾನ ಮಾಡಬೇಕು. ಅದಕ್ಕೂ ಜನ ಬರುವುದು ಊಟವಿದ್ದರೆ ಮಾತ್ರ.

ಹೆಚ್ಚಿನ ಹುಡುಗಿಯರು ಜಾಣೆಯರು. ಭಾಷಣಗಳಿಗೆ ತಲೆಬಾಗಿ, ಥ್ಯಾಂಕ್ಸ್ ಹೇಳಿ, ಸೆಪ್ಟೆಂಬರಿನಲ್ಲಿ ಫಿಸಿಕ್ಸ್ ಪುಸ್ತಕ ತೆಗೆಯುತ್ತಾರೆ. ಎಲ್ಲೋ ಒಬ್ಬಳು ಮಾತ್ರ ಎಡವಟ್ಟು. ಆ ಸಂಜೆ ಹಿರಿಯರು ಮೈಕಿನಲ್ಲಿ ಹೇಳಿದ್ದನ್ನೆಲ್ಲ ನಿಜವೆಂದೇ ನಂಬಿಬಿಡುತ್ತಾಳೆ. ಒಂದು ರಾತ್ರಿ ಊಟದ ಟೇಬಲ್ಲಿನಲ್ಲಿ ತಲೆಯೆತ್ತಿ ಹೇಳುತ್ತಾಳೆ: “ಅಪ್ಪಾ, ನಾನು ಡಾನ್ಸನ್ನೇ ಮಾಡ್ತೀನಿ. ಫುಲ್ ಟೈಮ್.”

ಅಪ್ಪ ಚಮಚ ಕೆಳಗಿಟ್ಟು ಅಮ್ಮನ ಮುಖ ನೋಡುತ್ತಾರೆ. ಅಮ್ಮ ಹಣೆ ಚಚ್ಚಿಕೊಳ್ಳುತ್ತಾರೆ: “ಅಯ್ಯೋ ಪುಟ್ಟೀ, ಇದಕ್ಕೇನೇ ನಾವು ಇಷ್ಟೊಂದು ಖರ್ಚು ಮಾಡಿ ಡಾನ್ಸ್ ಕಲಿಸಿದ್ದು?”